ಹೆಸರು ಬೀಳುವ ಹೊತ್ತು

ನಮ್ಮೂರಿನ ಟೂರಿಂಗ್ ಟಾಕೀಸಿಗೆ ಹೊರಡುವ ದಿನ ಸೋದರತ್ತೆ ಎಲ್ಲರಿಗಿಂತ ಮೊದಲು ಚಪ್ಪಲಿ ಮೆಟ್ಟಿಕೊಂಡು ಜಗಲಿಯಲ್ಲಿ ನಿಂತಿರುತ್ತಿದ್ದರು. “ಬೇಗ ಬನ್ರೋ, ಹೆಸರು ಬೀಳೋಕೆ ಮುಂಚೆ ಕೂತಿರಬೇಕು” ಎಂದು ಅವಸರ ಮಾಡುತ್ತಿದ್ದರು. ಹೆಸರು ತಪ್ಪಿದರೆ ಅವರ ಲೆಕ್ಕದಲ್ಲಿ ಅರ್ಧ ಸಿನಿಮಾ ತಪ್ಪಿದಂತೆ. ಮೂರನೇ ತರಗತಿಗೇ ಓದು ನಿಲ್ಲಿಸಿದ್ದ ಅವರು ಪರದೆಯ ಮೇಲೆ ಬೀಳುವ ಒಂದೊಂದು ಹೆಸರನ್ನೂ ಅಕ್ಷರ ಕೂಡಿಸಿ ತುಟಿಯಲ್ಲೇ ಓದಿಕೊಳ್ಳುತ್ತಿದ್ದರು. ಮುಂದೆ ಮನೆಗೆ ಟಿ.ವಿ. ಬಂದಾಗಲೂ ಈ ಪದ್ಧತಿ ಬದಲಾಗಲಿಲ್ಲ. ಧಾರಾವಾಹಿಯ ಸಂಗೀತ ಕಿವಿಗೆ ಬಿದ್ದ ಕೂಡಲೇ ಒಲೆ ಸಣ್ಣ ಮಾಡಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಕೂರುತ್ತಿದ್ದರು. ಕಥೆ ನಡೆಯುವಾಗ ಬೇಕಾದರೆ ಎದ್ದು ಹೋಗಿ ಸಾರಿಗೆ ಒಗ್ಗರಣೆ ಹಾಕಿ ಬರುತ್ತಿದ್ದರು, ಹೆಸರು ಬೀಳುವಾಗ ಮಾತ್ರ ಏಳುತ್ತಿರಲಿಲ್ಲ.

ಅವರಿಂದ ಅಂಟಿದ ಅಭ್ಯಾಸ ನನ್ನಲ್ಲಿ ಹಾಗೇ ಉಳಿದಿದೆ. ಕೇಬಲ್ ಬಂದು ಹೊರದೇಶದ ಧಾರಾವಾಹಿಗಳು ಮನೆಯೊಳಗೆ ಕಾಲಿಟ್ಟಾಗ, ಆಮೇಲೆ ಅಂತರ್ಜಾಲದಲ್ಲಿ ಇನ್ನೂ ಹಳೆಯವು ಸಿಕ್ಕಾಗ, ಕಥೆಗಿಂತ ಮೊದಲು ನನ್ನ ಕಣ್ಣು ಹೋದದ್ದು ಆ ಒಂದು ನಿಮಿಷದ ಮೇಲೆ. ಯಾರ ಹೆಸರು ಮೊದಲು, ಯಾರದ್ದು ಕೊನೆಗೆ, ಯಾರ ಹೆಸರಿನ ಜೊತೆ ಮುಖ ಬರುತ್ತದೆ, ಯಾರಿಗೆ ಇಡೀ ಪರದೆ, ಯಾರಿಗೆ ಅರ್ಧ ಸಾಲು ಎಂದು ನೋಡುತ್ತ ಹೋದಂತೆ ಒಂದು ಮಾತು ನನಗೆ ಖಚಿತವಾಯಿತು. ದುಡಿದವನ ಮಾನ ಎಷ್ಟು ಎಂಬುದನ್ನು ಎಲ್ಲರ ಕಣ್ಣೆದುರಿಗೆ ಅಳೆದು ತೋರಿಸುತ್ತಿದ್ದ ಜಾಗ ಅದು. ಅದನ್ನು ಹುಷಾರಾಗಿ ಅಳೆದವರೂ ಇದ್ದರು, ಪ್ರೀತಿಯಿಂದ ಅಳೆದವರೂ ಇದ್ದರು.

ಮೊದಲು ಆ ಹೆಸರುಗಳು ಪರದೆಗೆ ಬರುತ್ತಿದ್ದ ಬಗೆ ಹೇಳಬೇಕು. ಅಮೆರಿಕದಲ್ಲಿ 1950ರ ದಶಕದ ಶುರುವಿನಲ್ಲಿ ಅನೇಕ ನಾಟಕಗಳು ಸ್ಟುಡಿಯೋದಿಂದ ನೇರವಾಗಿ ಪ್ರಸಾರವಾಗುತ್ತಿದ್ದವು. ಕಪ್ಪು ರಟ್ಟಿನ ಮೇಲೆ ಬಿಳಿ ಅಕ್ಷರ ಬರೆದು ಸ್ಟ್ಯಾಂಡಿಗೆ ನಿಲ್ಲಿಸಿ, ಕ್ಯಾಮೆರಾ ಅದನ್ನು ನೋಡುತ್ತಿರುವಾಗ ಒಬ್ಬಾತ ಒಂದೊಂದೇ ರಟ್ಟನ್ನು ಕೈಯಿಂದ ಎಳೆಯುತ್ತಿದ್ದ. ಉದ್ದನೆಯ ಪಟ್ಟಿಯಾದರೆ ಕಾಗದದ ಸುರುಳಿಯನ್ನು ಉರುಳೆಗೆ ಸುತ್ತಿ ತಿರುಗಿಸುತ್ತಿದ್ದರು. ಫಿಲ್ಮಿನಲ್ಲಿ ಚಿತ್ರೀಕರಿಸಿದ ಸರಣಿಗಳಲ್ಲಿ ಅಕ್ಷರವನ್ನು ಬೇರೆ, ದೃಶ್ಯವನ್ನು ಬೇರೆ ತೆಗೆದು ಪ್ರಯೋಗಾಲಯದಲ್ಲಿ ಒಂದರ ಮೇಲೊಂದು ಕೂಡಿಸುತ್ತಿದ್ದರು. ಇದು ಖರ್ಚಿನ ಕೆಲಸ. ಹಾಗಾಗಿ ಒಮ್ಮೆ ಮಾಡಿದ ಆರಂಭವನ್ನೇ ವರ್ಷವಿಡೀ ಓಡಿಸುತ್ತಿದ್ದರು. ಆಗಿನ ಕಾಲಕ್ಕೆ ಒಂದು ವರ್ಷ ಎಂದರೆ ಮೂವತ್ತು, ನಲವತ್ತು ಕಂತು. ಸಂಗೀತದ ಉದ್ದವೂ ಮೊದಲೇ ಗೊತ್ತಾಗಿರುತ್ತಿತ್ತು, ಅದರೊಳಗೆ ಇಷ್ಟೇ ಹೆಸರು ಹಿಡಿಯುವುದು ಎಂಬ ಲೆಕ್ಕವೂ ಇರುತ್ತಿತ್ತು. ಒಂದು ಹೆಸರು ಒಳಗೆ ಬಂದರೆ ವರ್ಷಪೂರ್ತಿ ಕೋಟಿಗಟ್ಟಲೆ ಜನ ಓದುತ್ತಿದ್ದರು. ಒಳಗೆ ಬರದಿದ್ದರೆ ವರ್ಷಪೂರ್ತಿ ಇಲ್ಲ. ನಟರ ಏಜೆಂಟರು ಸಂಬಳದ ಜೊತೆಗೇ ಹೆಸರಿನ ಜಾಗವನ್ನೂ ಕರಾರಿನಲ್ಲಿ ಬರೆಸಿಕೊಳ್ಳಲು ಪಟ್ಟು ಹಿಡಿಯುತ್ತಿದ್ದದ್ದು ಇದೇ ಕಾರಣಕ್ಕೆ.

ಈ ಹಟವನ್ನು ಸಣ್ಣತನ ಎನ್ನಲು ನನಗೆ ಮನಸ್ಸಿಲ್ಲ. ಲಗ್ನಪತ್ರಿಕೆ ಅಚ್ಚು ಹಾಕಿಸಿದ ಯಾರಿಗಾದರೂ ಇದು ಅರ್ಥವಾಗುತ್ತದೆ. ನಮ್ಮ ಅಕ್ಕನ ಮದುವೆಯಲ್ಲಿ ಕರಡು ಮೂರು ಸಲ ತಿದ್ದಿದ ಮೇಲೂ ಸುಖಾಗಮನ ಬಯಸುವವರ ಸಾಲಿನಲ್ಲಿ ದೊಡ್ಡಪ್ಪನ ಹೆಸರು ಚಿಕ್ಕಪ್ಪನ ಹೆಸರಿಗಿಂತ ಕೆಳಗೆ ಬಿದ್ದುಹೋಗಿತ್ತು. ದೊಡ್ಡಪ್ಪ ಮದುವೆಗೆ ಬಂದರು, ಅಕ್ಷತೆ ಹಾಕಿದರು, ಊಟ ಮಾಡದೆ ಬಸ್ಸು ಹತ್ತಿದರು. ಅವರಿಗೆ ಹಣ ಬೇಕಿರಲಿಲ್ಲ, ಹಾರ ಬೇಕಿರಲಿಲ್ಲ. ಆ ಮನೆಗೆ ತಾನು ಹಿರಿಯ ಎಂಬುದು ಅಚ್ಚಿನಲ್ಲಿ ಕಾಣಬೇಕಿತ್ತು, ಅಷ್ಟೆ. ನಟನ ಸಂಕಟವೂ ಇದೇ ಜಾತಿಯದು.

ನಾಲ್ವರು ಸರಿಸಮಾನ ನಟರನ್ನು ಇಟ್ಟುಕೊಂಡ ‘ಬೊನಾನ್ಜಾ’ಕ್ಕೆ ಈ ತೊಡಕು ಮೊದಲ ದಿನದಿಂದಲೇ ಇತ್ತು. ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ 1959ರಲ್ಲಿ ಶುರುವಾಗಿ 1973ರವರೆಗೆ ನಡೆದ, ಜಮೀನ್ದಾರ ತಂದೆ ಮತ್ತು ಮೂವರು ಮಕ್ಕಳ ಕಥೆ ಅದು. ಆರಂಭದಲ್ಲಿ ಅವರ ಜಮೀನಿನ ನಕ್ಷೆ ಕಾಣುತ್ತದೆ. ನಕ್ಷೆಯ ನಡುವೆ ಬೆಂಕಿ ಹತ್ತಿ ತೂತು ಬೀಳುತ್ತದೆ, ಆ ತೂತಿನಾಚೆಯಿಂದ ಕುದುರೆ ಸವಾರರು ನಮ್ಮ ಕಡೆಗೆ ಬರುತ್ತಾರೆ. ಲೋರ್ನ್ ಗ್ರೀನ್, ಪರ್ನೆಲ್ ರಾಬರ್ಟ್ಸ್, ಡ್ಯಾನ್ ಬ್ಲಾಕರ್, ಮೈಕೆಲ್ ಲ್ಯಾಂಡನ್. ಇವರಲ್ಲಿ ಯಾರು ಮೊದಲು? ನಿರ್ಮಾಪಕರು ಕಂಡುಕೊಂಡ ದಾರಿ, ಸರದಿ. ಒಂದು ವಾರ ಒಬ್ಬರ ಹೆಸರು ಮುಂದೆ, ಇನ್ನೊಂದು ವಾರ ಇನ್ನೊಬ್ಬರದು. ಊರ ದೇವರ ಪೂಜೆಯನ್ನು ಮನೆತನಗಳು ಸರದಿಯ ಮೇಲೆ ಹಂಚಿಕೊಂಡಂತೆ. ಇದಕ್ಕೆ ಹೆಚ್ಚು ಬಾರಿ ಫಿಲ್ಮು ಕತ್ತರಿಸಿ ಕೂಡಿಸಬೇಕಾಗುತ್ತದೆ. ಆ ಶ್ರಮಕ್ಕೆ ಅವರು ಹಿಂದೆಗೆಯಲಿಲ್ಲ.

ಇನ್ನೊಂದು ದಾರಿಯನ್ನು ‘ಡಲ್ಲಾಸ್’ ಹಿಡಿಯಿತು. ಸಿಬಿಎಸ್ ವಾಹಿನಿಯಲ್ಲಿ 1978ರಿಂದ 1991ರವರೆಗೆ ನಡೆದ, ಟೆಕ್ಸಸ್‌ನ ಎಣ್ಣೆ ಸಾಹುಕಾರರ ಮನೆಜಗಳದ ಈ ಧಾರಾವಾಹಿಯ ಆರಂಭ ನೋಡಿದವರು ಮರೆಯುವುದಿಲ್ಲ. ಜೆರಾಲ್ಡ್ ಇಮ್ಮೆಲ್ ಅವರ ಓಡುವ ಸಂಗೀತ, ಗಗನಚುಂಬಿ ಕಟ್ಟಡಗಳು, ಎಣ್ಣೆಯ ಪಂಪುಗಳು, ದನದ ಹಿಂಡು. ಆಮೇಲೆ ಪರದೆ ನೆಟ್ಟಗೆ ಮೂರು ಪಟ್ಟಿಯಾಗಿ ಒಡೆಯುತ್ತದೆ. ಮೂರರಲ್ಲೂ ಅದೇ ನಟ ಅಥವಾ ನಟಿ, ಮೂರು ಬೇರೆ ಬೇರೆ ಚಹರೆಯಲ್ಲಿ. ಒಂದರಲ್ಲಿ ನಗು, ಒಂದರಲ್ಲಿ ಕೋಪ, ಒಂದರಲ್ಲಿ ಸುಮ್ಮನೆ ತಿರುಗಿ ನೋಡುವುದು. ಹೆಸರುಗಳು ಬರುವುದು ಅಕಾರಾದಿಯಲ್ಲಿ, ಅಂದರೆ ಮನೆತನದ ಹೆಸರಿನ ಇಂಗ್ಲಿಷ್ ಅಕ್ಷರದ ಕ್ರಮದಲ್ಲಿ. ಕಥೆಯ ಜೀವಾಳವಾಗಿದ್ದ, ದೇಶವೇ ಬೈಯುತ್ತ ಪ್ರೀತಿಸಿದ ಜೆ.ಆರ್. ಪಾತ್ರದ ಲ್ಯಾರಿ ಹ್ಯಾಗ್‌ಮನ್ ಹೆಸರು ಈ ಲೆಕ್ಕದಲ್ಲಿ ನಡುವೆ ಎಲ್ಲೋ ಬರುತ್ತದೆ. ಜೆ.ಆರ್.ಗೆ ಗುಂಡಿಟ್ಟವರು ಯಾರು ಎಂದು 1980ರ ಬೇಸಿಗೆಯಿಡೀ ಜಗತ್ತು ತಲೆ ಕೆಡಿಸಿಕೊಂಡಾಗಲೂ ಹೆಸರಿನ ಜಾಗ ಮೇಲೇರಲಿಲ್ಲ. ಮೊದಲು ಬರುತ್ತಿದ್ದದ್ದು ಮನೆಯ ತಾಯಿಯ ಪಾತ್ರ ಮಾಡಿದ ಬಾರ್ಬರಾ ಬೆಲ್ ಗೆಡೆಸ್ ಹೆಸರು. ‘ಬಿ’ ಅಕ್ಷರ ತಂದುಕೊಟ್ಟ ಜಾಗ ಅದು, ಆದರೂ ಆ ಮನೆಗೆ ಅದೇ ಒಪ್ಪುವಂತಿತ್ತು. ವರ್ಣಮಾಲೆ ಯಾರ ಪಕ್ಷವೂ ಅಲ್ಲದ್ದರಿಂದ ಅದರ ತೀರ್ಪನ್ನು ಎಲ್ಲರೂ ತಲೆಬಾಗಿ ಒಪ್ಪಬಹುದು.

ಎಲ್ಲ ಕಡೆ ಇಷ್ಟು ಸಮಾಧಾನದ ವ್ಯವಸ್ಥೆ ಇರಲಿಲ್ಲ. ‘ಸ್ಟಾರ್ ಟ್ರೆಕ್’ ನೋಡಿ. ನಮ್ಮ ದೂರದರ್ಶನದಲ್ಲೂ 1980ರ ದಶಕದಲ್ಲಿ ಬಂದದ್ದರಿಂದ ಅನೇಕ ಓದುಗರಿಗೆ ನೆನಪಿರಬಹುದು. 1966ರಲ್ಲಿ ಅದು ಅಮೆರಿಕದಲ್ಲಿ ಶುರುವಾದಾಗ ಆರಂಭದಲ್ಲಿ ಬೀಳುತ್ತಿದ್ದ ಹೆಸರು ಎರಡೇ, ವಿಲಿಯಂ ಶಾಟ್ನರ್ ಮತ್ತು ಲೆನಾರ್ಡ್ ನಿಮಾಯ್. ಕಥೆಯ ಅಂತರಿಕ್ಷ ಹಡಗಿನ ವೈದ್ಯನಾಗಿ ಇವರಿಬ್ಬರ ಜೊತೆ ಕಂತು ಕಂತಿಗೂ ವಾದ ಮಾಡುತ್ತಿದ್ದ ಡಿಫಾರೆಸ್ಟ್ ಕೆಲ್ಲಿ ಹೆಸರು ಕಂತಿನ ಕೊನೆಯ ಪಟ್ಟಿಯಲ್ಲಿತ್ತು. ಮೂವರು ಸೇರಿದರೇ ಆ ಕಥೆ ನಿಲ್ಲುವುದು ಎಂದು ನೋಡುಗರಿಗೆ ಮೊದಲ ವರ್ಷವೇ ಗೊತ್ತಾಗಿತ್ತು. ನಿರ್ಮಾಪಕರು 1967ರಲ್ಲಿ, ಎರಡನೇ ವರ್ಷಕ್ಕೆ, ಅವರ ಹೆಸರನ್ನು ಮುಂದಕ್ಕೆ ತಂದರು. ಜೇಮ್ಸ್ ಡೂಹನ್, ನಿಚೆಲ್ ನಿಕೊಲ್ಸ್, ಜಾರ್ಜ್ ಟಕೇಯ್, ವಾಲ್ಟರ್ ಕೋನಿಗ್ ಇವರೆಲ್ಲ ಹಡಗು ನಡೆಸಿದವರೇ. ಆ ಸರಣಿ ಮೂರು ವರ್ಷಕ್ಕೆ ನಿಲ್ಲುವವರೆಗೂ ಅವರ ಹೆಸರುಗಳು ಕೊನೆಯಲ್ಲೇ ಉಳಿದವು. ಇದು ಅನ್ಯಾಯ ಎಂದೇ ನನ್ನ ಎಣಿಕೆ. ಒಬ್ಬ ಕಪ್ಪು ಮಹಿಳೆ, ಒಬ್ಬ ಜಪಾನಿ ಮೂಲದ ಯುವಕ ಅಧಿಕಾರಿಗಳಾಗಿ ಕೂತ ಆ ಹಡಗಿನ ಹೆಚ್ಚುಗಾರಿಕೆ ಆರಂಭದ ಹೆಸರುಗಳಲ್ಲಿ ಕಾಣಬೇಕಿತ್ತು.

ನಮ್ಮ ಕಂಪನಿ ನಾಟಕದ ಕರಪತ್ರಗಳಲ್ಲಿ ದೊಡ್ಡ ನಟರ ಹೆಸರು ಮುಗಿದ ಮೇಲೆ ‘ಮೊದಲಾದವರು’ ಎಂಬ ಪದ ಇರುತ್ತದಲ್ಲ, ಅದರೊಳಗೆ ಎಷ್ಟು ಜನರ ಬೆವರು ಅಡಗಿದೆಯೋ. ನಾಟಕವಲ್ಲದ ಹಾಸ್ಯ ಸರಣಿಯೊಂದರ ಪ್ರಸಂಗವನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ. ‘ಗಿಲ್ಲಿಗನ್ಸ್ ಐಲ್ಯಾಂಡ್’ 1964ರಲ್ಲಿ ಬಂದಾಗ ಅದರ ಆರಂಭದ ಹಾಡು ದ್ವೀಪದಲ್ಲಿ ಸಿಕ್ಕಿಬಿದ್ದ ಏಳು ಜನರಲ್ಲಿ ಐವರನ್ನು ಹೆಸರಿಸಿ, ಉಳಿದಿಬ್ಬರನ್ನು ಹೆಚ್ಚು ಕಡಿಮೆ ಈ ‘ಮೊದಲಾದವರು’ ಗುಂಪಿಗೆ ತಳ್ಳಿತ್ತು. ಆ ಇಬ್ಬರು ರಸೆಲ್ ಜಾನ್ಸನ್ ಮತ್ತು ಡಾನ್ ವೆಲ್ಸ್. ಮುಖ್ಯ ನಟ ಬಾಬ್ ಡೆನ್ವರ್ ಅವರಿಗೆ ಇದು ಸರಿ ಕಾಣಲಿಲ್ಲ. ಅವರೇ ನಿರ್ಮಾಪಕರ ಬಳಿ ಹೋಗಿ ಒತ್ತಾಯ ಮಾಡಿದರು. ಎರಡನೇ ವರ್ಷದಿಂದ ಹಾಡಿನಲ್ಲಿ ಆ ಇಬ್ಬರ ಪಾತ್ರಗಳ ಹೆಸರೂ ಸೇರಿತು. ಮೊದಲ ಸಾಲಿನಲ್ಲಿ ಕೂತವನೇ ಕೊನೆಯ ಸಾಲಿನವರಿಗಾಗಿ ಬಾಯಿ ತೆರೆದ ಈ ಪ್ರಸಂಗವನ್ನು ನಾನು ಎಷ್ಟು ಜನಕ್ಕೆ ಹೇಳಿದ್ದೇನೋ ಲೆಕ್ಕವಿಲ್ಲ.

ಮೊದಲ ಜಾಗದಷ್ಟೇ ತೂಕದ ಇನ್ನೊಂದು ಜಾಗವಿದೆ, ಅದು ಕೊನೆಯದು. ಅದರ ಹಿಂದೆ ‘ಮತ್ತು’ ಎಂದು ಹಾಕಿ, ಮುಂದೆ ಪಾತ್ರದ ಹೆಸರನ್ನೂ ಜೋಡಿಸಿದರೆ ಆ ಹೆಸರಿಗೆ ಬೇರೆಯದೇ ಕಳೆ. ‘ಡೈನಾಸ್ಟಿ’ ಧಾರಾವಾಹಿಯ ಎರಡನೇ ವರ್ಷಕ್ಕೆ, 1981ರಲ್ಲಿ, ಜೋನ್ ಕಾಲಿನ್ಸ್ ಬಂದು ಸೇರಿದರು. ಜಾನ್ ಫೋರ್ಸಿತ್, ಲಿಂಡಾ ಇವಾನ್ಸ್ ಆಗಲೇ ಮುಂದಿನ ಸಾಲಿನಲ್ಲಿ ಕೂತಾಗಿತ್ತು. ಎಲ್ಲ ಹೆಸರುಗಳು ಬಂದುಹೋದ ಮೇಲೆ, ಸಂಗೀತ ಮುಗಿಯುವ ಮುನ್ನ, ‘ಮತ್ತು ಅಲೆಕ್ಸಿಸ್ ಪಾತ್ರದಲ್ಲಿ ಜೋನ್ ಕಾಲಿನ್ಸ್’ ಎಂದು ಬರುತ್ತಿತ್ತು. ಸಭೆಗೆ ತಡವಾಗಿ ಬಂದ ಅತಿಥಿಗೆ ಎಲ್ಲರೂ ಎದ್ದು ನಿಂತಂತೆ ಕಾಣುತ್ತಿತ್ತು ಅದು. ‘ಮಿಷನ್: ಇಂಪಾಸಿಬಲ್’ನ ಮೊದಲ ವರ್ಷದಲ್ಲಿ ಮಾರ್ಟಿನ್ ಲ್ಯಾಂಡೌ ಹೆಸರಿಗೆ ಹಾಕಿದ ವಿಶೇಷಣ ವಿಶೇಷ ಅತಿಥಿಯದು. ಬಹುತೇಕ ಕಂತುಗಳಲ್ಲಿ ಬರುತ್ತಿದ್ದವರು ಅತಿಥಿ ಹೇಗಾದರು ಎಂದರೆ, ಅವರಿಗೆ ದೀರ್ಘ ಕರಾರು ಬೇಕಿರಲಿಲ್ಲ. ಬಿಡುವಾಗಿರಬೇಕು ಎಂಬ ಆಸೆ ಪರದೆಯ ಮೇಲೆ ಆ ಪದವಾಗಿ ಬಂತು. ಹೆಸರಿನ ಮುಂದಿನ ಪುಟ್ಟ ಪದ ನಟನ ಮುಂದಿನ ಯೋಜನೆಯನ್ನೇ ಹೇಳಿಬಿಡಬಲ್ಲದು.

ಹೆಸರನ್ನು ಕಾಣಿಸುವುದಷ್ಟೇ ಅಲ್ಲ, ಕೂಗಿ ಹೇಳುವ ಪದ್ಧತಿಯೂ ಇತ್ತು. ಆಕಾಶವಾಣಿ ನಾಟಕ ಕೇಳಿ ಬೆಳೆದವರಿಗೆ ಪಾತ್ರಧಾರಿಗಳ ಹೆಸರನ್ನು ಉದ್ಘೋಷಕರು ಓದುವುದರ ಸೊಗಸು ಗೊತ್ತು. ಅಮೆರಿಕದ ಟಿ.ವಿ.ಯೂ ರೇಡಿಯೋದಿಂದಲೇ ಈ ಗತ್ತನ್ನು ತಂದುಕೊಂಡಿತು. ಕ್ವಿನ್ ಮಾರ್ಟಿನ್ ನಿರ್ಮಿಸಿದ ಸರಣಿಗಳಲ್ಲಿ ಅದು ಪೂರ್ಣ ರೂಪಕ್ಕೆ ಬಂತು. 1965ರ ‘ದಿ ಎಫ್‌ಬಿಐ’ ಇರಲಿ, 1972ರ ‘ದಿ ಸ್ಟ್ರೀಟ್ಸ್ ಆಫ್ ಸ್ಯಾನ್ ಫ್ರಾನ್ಸಿಸ್ಕೊ’ ಇರಲಿ, ಹ್ಯಾಂಕ್ ಸಿಮ್ಸ್ ಅವರ ತುಂಬು ಕಂಠ ಮೊದಲು ಸರಣಿಯ ಹೆಸರು, ಆಮೇಲೆ ನಿರ್ಮಾಪಕರ ಹೆಸರು, ನಾಯಕನಟರ ಹೆಸರು (ಎರಡನೆಯ ಸರಣಿಯಲ್ಲಿ ಕಾರ್ಲ್ ಮಾಲ್ಡನ್, ಜೊತೆಗೆ ಆಗಿನ್ನೂ ಯುವಕನಾಗಿದ್ದ ಮೈಕೆಲ್ ಡಗ್ಲಸ್), ಆ ವಾರದ ಅತಿಥಿಗಳು, ಆ ರಾತ್ರಿಯ ಕಂತಿನ ಶೀರ್ಷಿಕೆ ಎಂದು ಒಂದೇ ಧಾಟಿಯಲ್ಲಿ ಓದಿಕೊಂಡು ಹೋಗುತ್ತಿತ್ತು. ಅತಿಥಿಗಳ ಮುಖವೂ ಹೆಸರಿನ ಜೊತೆ ಕಾಣುತ್ತಿತ್ತು. ಕಂತನ್ನೂ ರಂಗನಾಟಕದಂತೆ ಒಂದನೇ ಅಂಕ, ಎರಡನೇ ಅಂಕ ಎಂದು ಭಾಗ ಮಾಡಿ, ಕೊನೆಗೆ ಉಪಸಂಹಾರ ಇಡುತ್ತಿದ್ದರು. ಅಕ್ಷರ ಕೂಡಿಸಿ ಓದುವವರಿಗೆ, ಕಣ್ಣು ಮಂಜಾದವರಿಗೆ, ಅಡುಗೆಮನೆಯಲ್ಲಿ ಕೈ ಕೆಲಸ ಬಿಡಲಾಗದವರಿಗೆ ಈ ಕಂಠದಿಂದ ಎಷ್ಟು ಉಪಕಾರವಾಗಿರಬೇಕು. ನಮ್ಮತ್ತೆಗೆ ಅಂಥದೊಂದು ಸಿಕ್ಕಿದ್ದರೆ ಎಂದುಕೊಳ್ಳುತ್ತೇನೆ.

ಇನ್ನು ಮುಖ. ಯಕ್ಷಗಾನದ ಒಡ್ಡೋಲಗ ನೋಡಿದವರಿಗೆ ಪಾತ್ರಪ್ರವೇಶ ಎಂದರೇನು ಎಂದು ವಿವರಿಸಬೇಕಿಲ್ಲ. ತೆರೆಯ ಹಿಂದೆ ಕಿರೀಟದ ತುದಿ, ಗೆಜ್ಜೆಯ ಸದ್ದು, ಆಮೇಲೆ ಪೂರ್ಣ ವೇಷ. ಒಡ್ಡೋಲಗದಲ್ಲಿ ನಮಗೆ ಸಿಗುವುದು ಪಾತ್ರ, ವೇಷಧಾರಿಯ ಹೆಸರು ಅಲ್ಲಿ ಬರುವುದಿಲ್ಲ. ಟಿ.ವಿ. ಆರಂಭದ ಹೆಚ್ಚುಗಾರಿಕೆ ಎಂದರೆ ಪಾತ್ರದ ಮುಖ ಮತ್ತು ನಟನ ಹೆಸರು ಒಂದೇ ಉಸಿರಿನಲ್ಲಿ ಸಿಗುವುದು. ಇದನ್ನು ಅತಿ ಚೆನ್ನಾಗಿ ಮಾಡಿದವರಲ್ಲಿ ಒಬ್ಬರು ಇರಾನಿನಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದ ರೆಜಾ ಬದೀಯಿ. 1968ರ ‘ಹವಾಯಿ ಫೈವ್-ಓ’ದ ಆರಂಭ ಅವರದು.

ಅದನ್ನು ನಿಧಾನವಾಗಿ ನೋಡಬೇಕು. ಮೊದಲು ಒಂದು ದೊಡ್ಡ ಅಲೆ ಎದ್ದು ಮಡಚಿಕೊಳ್ಳುತ್ತದೆ. ಮಾರ್ಟನ್ ಸ್ಟೀವನ್ಸ್ ಅವರ ಸಂಗೀತದಲ್ಲಿ ಡೋಲು ಗುಡುಗುತ್ತದೆ, ಹಿತ್ತಾಳೆಯ ವಾದ್ಯಗಳು ಮೇಲೇಳುತ್ತವೆ. ಹೊನೊಲುಲುವಿನ ಎತ್ತರದ ಹೋಟೆಲೊಂದು ದೂರದಲ್ಲಿ ಕಾಣುತ್ತದೆ. ಕ್ಯಾಮೆರಾ ಅದರ ಕಡೆಗೆ ನುಗ್ಗುತ್ತದೆ. ತುದಿಯ ಬಾಲ್ಕನಿಯಲ್ಲಿ ಚುಕ್ಕೆಯಂತೆ ಒಬ್ಬ ಮನುಷ್ಯ. ಚುಕ್ಕೆ ಆಕಾರವಾಗುತ್ತದೆ, ಕೋಟು ತೊಟ್ಟ ಬೆನ್ನಾಗುತ್ತದೆ, ಆತ ತಿರುಗುತ್ತಾನೆ. ಹೆಸರು ಬೀಳುತ್ತದೆ, ಜ್ಯಾಕ್ ಲಾರ್ಡ್. ಒಂದು ದ್ವೀಪದ ಕಾವಲನ್ನು ಹೊತ್ತ ಮನುಷ್ಯ ಇವನೇ ಎಂದು ಒಂದೂ ಮಾತಿಲ್ಲದೆ ತಿಳಿಯುತ್ತದೆ. ಆಮೇಲೆ ಕಡಲ ದಂಡೆ, ಹುಲಾ ನೃತ್ಯದ ಸೊಂಟ, ಸೂರ್ಯ, ಮತ್ತೆ ಹೆಸರುಗಳು. ಸ್ಥಳೀಯ ನಟರಿಬ್ಬರ ಹೆಸರು ಪಾತ್ರದ ಹೆಸರಿನ ಜೊತೆಗೇ ಬರುತ್ತದೆ. ಚಿನ್ ಹೋ ಪಾತ್ರದಲ್ಲಿ ಕಾಮ್ ಫಾಂಗ್, ಕೋನೊ ಪಾತ್ರದಲ್ಲಿ ಜುಲು. ಕಾಮ್ ಫಾಂಗ್ ನಟರಾಗುವ ಮುನ್ನ ಹಲವು ವರ್ಷ ಹೊನೊಲುಲುವಿನಲ್ಲಿ ನಿಜವಾದ ಪೊಲೀಸರಾಗಿದ್ದವರು. ಹವಾಯಿ ಅಮೆರಿಕದ ರಾಜ್ಯವಾಗಿ ಆಗಿನ್ನೂ ಒಂಬತ್ತು ವರ್ಷ. ಆ ಊರಿನ ಮುಖಗಳನ್ನು, ಆ ಊರಿನ ಹೆಸರುಗಳನ್ನು ಇಡೀ ದೇಶ ಪ್ರತಿ ವಾರ ಕೂತು ಓದಿತು.

‘ಮಿಷನ್: ಇಂಪಾಸಿಬಲ್’ ಇದಕ್ಕೆ ತದ್ವಿರುದ್ಧವಾದ ಚುರುಕಿನದು. ಬೆಂಕಿಕಡ್ಡಿ ಗೀರಿ ಬತ್ತಿಗೆ ಹಚ್ಚುವ ಕೈ ಆ ಸರಣಿಯನ್ನು ಹುಟ್ಟುಹಾಕಿದ ಬ್ರೂಸ್ ಗೆಲ್ಲರ್ ಅವರದೇ. ಬತ್ತಿ ಉರಿಯುತ್ತ ಪರದೆಯ ಉದ್ದಕ್ಕೂ ಓಡುವಾಗ ಹಿಂದೆ ಅದೇ ಕಂತಿನ ದೃಶ್ಯಗಳು ಮಿಂಚಿ ಮಾಯವಾಗುತ್ತವೆ. ಲಾಲೊ ಶಿಫ್ರಿನ್ ಅದಕ್ಕೆ ಐದರ ಎಣಿಕೆಯಲ್ಲಿ ಸಂಗೀತ ಕಟ್ಟಿದರು. ಪಾಶ್ಚಾತ್ಯ ಕಿವಿಗೆ ಅದು ಕುಂಟುವ ನಡೆ. ಖಂಡಚಾಪು ಕೇಳಿ ಬೆಳೆದ ನಮಗೆ ಐದರಲ್ಲಿ ಕೈ ತಟ್ಟುವುದು ಕಷ್ಟವಲ್ಲ. ಈ ಸರಣಿಯಲ್ಲಿ ನನಗೆ ಇನ್ನೂ ಇಷ್ಟವಾದದ್ದು, ಹೆಸರು ಬಿದ್ದಾದ ಮೇಲೆ ಕಥೆಯೊಳಗೇ ಬರುವ ಎರಡನೇ ಪರಿಚಯ. ಕಥೆಯ ಗೂಢಚಾರ ತಂಡದ ನಾಯಕ ಮೇಜಿನ ಮೇಲೆ ಫೈಲು ತೆರೆದು ಭಾವಚಿತ್ರಗಳನ್ನು ಒಂದೊಂದಾಗಿ ತೆಗೆಯುತ್ತಾನೆ. ಈ ಕೆಲಸಕ್ಕೆ ಇವನು, ಇವಳು, ಇವನು. ಆರಿಸಿದ ಚಿತ್ರಗಳು ಒಂದು ಕಡೆ, ಬೇಡವಾದವು ಇನ್ನೊಂದು ಕಡೆ. ತಾರಾಗಣದ ಪಟ್ಟಿಯನ್ನು ಕಥೆಯ ಒಳಗೇ ಹೆಣೆದ ಉಪಾಯ ಅದು.

ಬ್ರಿಟನ್ನಿನ ದಾರಿ ಬೇರೆ. 1960ರ ಡಿಸೆಂಬರಿನಲ್ಲಿ ಶುರುವಾಗಿ ಇಂದಿಗೂ ನಡೆಯುತ್ತಿರುವ ‘ಕಾರನೇಷನ್ ಸ್ಟ್ರೀಟ್’ನ ಆರಂಭದಲ್ಲಿ ಮನೆಗಳ ಮಾಡುಗಳಿವೆ, ಬೀದಿಯಿದೆ, ನಟರ ಹೆಸರಿಲ್ಲ. 1985ರ ‘ಈಸ್ಟ್‌ಎಂಡರ್ಸ್’ನಲ್ಲಿ ಆಕಾಶದಿಂದ ಕಂಡ ಥೇಮ್ಸ್ ನದಿಯ ಬಾಗು ಇದೆ, ಅಲ್ಲೂ ಹೆಸರಿಲ್ಲ. ಹೆಸರೆಲ್ಲ ಕೊನೆಗೆ. ಬೀದಿಯೇ ನಾಯಕ, ಜನ ಬರುತ್ತಾರೆ ಹೋಗುತ್ತಾರೆ ಎಂಬ ತಿಳಿವಳಿಕೆ ಅದರ ಹಿಂದಿದೆ. ಅದನ್ನು ಗೌರವಿಸುತ್ತೇನೆ. ನನ್ನ ಮನಸ್ಸು ಮಾತ್ರ ಹೆಸರನ್ನು ಮುಂದಿಡುವವರ ಕಡೆಗೇ.

ಮುಂದಿಟ್ಟ ಹೆಸರಿನ ಮೇಲೆ ನೋಡುಗನಿಗೆ ಎಂಥ ನಂಬಿಕೆ ಎಂಬುದಕ್ಕೆ 2002ರ ಒಂದು ಉದಾಹರಣೆ ಸಾಕು. ‘ಬಫಿ ದ ವ್ಯಾಂಪೈರ್ ಸ್ಲೇಯರ್’ನಲ್ಲಿ ಟಾರಾ ಎಂಬ ಪಾತ್ರವನ್ನು ಆಂಬರ್ ಬೆನ್ಸನ್ ಮೂರು ವರ್ಷದಿಂದ ಮಾಡುತ್ತಿದ್ದರೂ ಅವರ ಹೆಸರು ಆರಂಭದ ಸಾಲಿಗೆ ಬಂದಿರಲಿಲ್ಲ. ಆ ವರ್ಷದ ಮೇ ತಿಂಗಳ ಒಂದು ಕಂತಿನಲ್ಲಿ ಮೊದಲ ಬಾರಿಗೆ ಬಂತು, ಮುಖದ ಸಮೇತ. ಅಂತೂ ಇವರಿಗೆ ನ್ಯಾಯ ಸಿಕ್ಕಿತು ಎಂದು ಅಭಿಮಾನಿಗಳು ಹಿಗ್ಗಿದರು. ಅದೇ ಕಂತಿನ ಕೊನೆಯಲ್ಲಿ ಟಾರಾ ಗುಂಡೇಟಿಗೆ ಸತ್ತಳು. ಹೆಸರು ಮತ್ತೆ ಬರಲಿಲ್ಲ. ಕಥೆ ಕಟ್ಟುವವರ ಜಾಣ್ಮೆ ನಿಜ, ಆದರೆ ಹೆಸರಿನ ಗೌರವವನ್ನು ಬಲೆಯಾಗಿ ಬಳಸಿದ್ದು ನನಗೆ ಒಪ್ಪಿಗೆಯಾಗಲಿಲ್ಲ.

ಅದಕ್ಕಿಂತ ನಾಲ್ಕು ದಶಕ ಹಿಂದೆ ಇನ್ನೊಂದು ಸರಣಿ ಹೆಸರಿನ ವಿಷಯದಲ್ಲಿ ನಡೆದುಕೊಂಡ ರೀತಿಗೆ ಇಂದಿಗೂ ಕೈ ಮುಗಿಯಬೇಕು ಅನ್ನಿಸುತ್ತದೆ. ಅದು ‘ಪೆರ್‍ರಿ ಮೇಸನ್’. ಅರ್ಲ್ ಸ್ಟ್ಯಾನ್ಲಿ ಗಾರ್ಡ್ನರ್ ಅವರ ವಕೀಲ ನಾಯಕನ ಕಾದಂಬರಿಗಳಿಂದ ಹುಟ್ಟಿ, ಸಿಬಿಎಸ್‌ನಲ್ಲಿ 1957ರಿಂದ 1966ರವರೆಗೆ 271 ಕಂತು ನಡೆಯಿತು. ಆರಂಭ ಸರಳ. ನ್ಯಾಯಾಲಯದ ಕೋಣೆ, ಕೈಯಲ್ಲಿ ಕಾಗದಪತ್ರ ಹಿಡಿದ ರೇಮಂಡ್ ಬರ್, ಫ್ರೆಡ್ ಸ್ಟೀನರ್ ಅವರ ಭಾರದ ಹೆಜ್ಜೆಯ ಸಂಗೀತ. ಬರ್ ಹೆಸರಿನ ಜೊತೆಗೆ ಇನ್ನು ನಾಲ್ಕು ಹೆಸರು. ಕಾರ್ಯದರ್ಶಿಯಾಗಿ ಬಾರ್ಬರಾ ಹೇಲ್, ಪತ್ತೇದಾರನಾಗಿ ವಿಲಿಯಂ ಹಾಪರ್, ಸರ್ಕಾರಿ ವಕೀಲನಾಗಿ ವಿಲಿಯಂ ಟಾಲ್ಮನ್, ಪೊಲೀಸ್ ಅಧಿಕಾರಿ ಟ್ರ್ಯಾಗ್ ಆಗಿ ರೇ ಕಾಲಿನ್ಸ್.

ಈ ಸಾಲಿನಿಂದ 1960ರಲ್ಲಿ ಒಂದು ಹೆಸರು ಕಳಚಿತು. ಟಾಲ್ಮನ್ ಒಂದು ಮನೆಕೂಟದಲ್ಲಿ ಪೊಲೀಸರ ಕೈಗೆ ಸಿಕ್ಕಿದರೆಂದು ವಾಹಿನಿ ಅವರನ್ನು ಕೆಲಸದಿಂದ ತೆಗೆಯಿತು. ನ್ಯಾಯಾಲಯ ಆರೋಪವನ್ನು ವಜಾ ಮಾಡಿದ ಮೇಲೂ ಹೆಸರು ತಕ್ಷಣ ಮರಳಲಿಲ್ಲ. ಜೊತೆಗಾರ ರೇಮಂಡ್ ಬರ್ ಅವರ ಪರವಾಗಿ ನಿಂತರು, ನೋಡುಗರು ಪತ್ರ ಬರೆದರು. ವರ್ಷ ಮುಗಿಯುವ ಹೊತ್ತಿಗೆ ಟಾಲ್ಮನ್ ಮರಳಿ ಬಂದರು.

ರೇ ಕಾಲಿನ್ಸ್ ಕಥೆ ಬೇರೆ. ಆರ್ಸನ್ ವೆಲ್ಸ್ ಅವರ ಮರ್ಕ್ಯುರಿ ತಂಡದಲ್ಲಿ ಪಳಗಿ, ‘ಸಿಟಿಜನ್ ಕೇನ್’ನಲ್ಲಿ ನಟಿಸಿ ಬಂದ ಹಿರಿಯ ನಟ ಅವರು. ‘ಪೆರ್‍ರಿ ಮೇಸನ್’ ಶುರುವಾದಾಗಲೇ ಅರವತ್ತು ದಾಟಿ ಹತ್ತಿರ ಹತ್ತಿರ ಎಂಟು ವರ್ಷ. ವರ್ಷ ಕಳೆದಂತೆ ಆರೋಗ್ಯ ಕೆಟ್ಟಿತು, ಮಾತುಗಳು ನೆನಪಿನಲ್ಲಿ ನಿಲ್ಲದಾದವು. 1964ರ ಜನವರಿಯ ಒಂದು ಕಂತಿನ ನಂತರ ಅವರು ಕ್ಯಾಮೆರಾ ಮುಂದೆ ಬರಲಿಲ್ಲ. ಇನ್ನು ಬರಲಾರರು ಎಂಬುದು ತಂಡಕ್ಕೆ ಗೊತ್ತಿತ್ತು. ನಿರ್ಮಾಪಕಿ ಗೇಲ್ ಪ್ಯಾಟ್ರಿಕ್ ಜಾಕ್ಸನ್ ತಾವೂ ಹಿಂದೆ ನಟಿಯಾಗಿದ್ದವರು. ಕಾಯಿಲೆಯ ಕಾಲಿನ್ಸ್ ಪ್ರತಿ ವಾರ ಮನೆಯಲ್ಲಿ ಕೂತು ಕಾರ್ಯಕ್ರಮ ನೋಡುತ್ತಾರೆ ಎಂಬುದು ಅವರಿಗೆ ತಿಳಿದಿತ್ತು. ಹೆಸರು ತೆಗೆದರೆ ಆ ಮುದುಕ ಕುಗ್ಗಿಹೋಗುತ್ತಾರೆ. ತೆಗೆಯಲಿಲ್ಲ. ಆ ವರ್ಷ ಉಳಿದ ಕಂತುಗಳಲ್ಲೂ, ಮುಂದಿನ ಇಡೀ ವರ್ಷದ ಎಲ್ಲ ಕಂತುಗಳಲ್ಲೂ, 1965ರ ಮೇ ತಿಂಗಳವರೆಗೆ, ಬಾರದ ನಟನ ಹೆಸರು ವಾರ ವಾರವೂ ಬಿತ್ತು. ಆ ಜುಲೈ 11ರಂದು ರೇ ಕಾಲಿನ್ಸ್ ತೀರಿಕೊಂಡರು.

ಒಬ್ಬ ಕಾಯಿಲೆಯವರು ಸಂಜೆ ಕುರ್ಚಿಯಲ್ಲಿ ಒರಗಿ ಕೂತಿದ್ದಾರೆ, ಸಂಗೀತ ಶುರುವಾಗಿದೆ, ಒಂದು, ಎರಡು, ಮೂರು ಎಂದು ಜೊತೆಗಾರರ ಹೆಸರು ಕಳೆದು ತಮ್ಮದು ಬರುತ್ತದೆ. ಈ ಚಿತ್ರ ನನ್ನ ಕಣ್ಣ ಮುಂದೆ ಎಷ್ಟು ಸಲ ಬಂದಿದೆಯೋ. ಯಾವ ಪ್ರಶಸ್ತಿ ಪತ್ರವೂ ಆ ಒಂದು ಸಾಲಿನಷ್ಟು ಬೆಚ್ಚಗಿರಲಾರದು.

ನಮ್ಮ ಕಡೆಗೆ ಬಂದರೆ, ನೆನಪಾಗದೆ ಇರುವುದು ಸಾಧ್ಯವೇ ಇಲ್ಲದ ಆರಂಭ ‘ಮಾಲ್ಗುಡಿ ಡೇಸ್’ನದು. ದೂರದರ್ಶನಕ್ಕಾಗಿ 1980ರ ದಶಕದಲ್ಲಿ ಶಂಕರ್ ನಾಗ್ ಆಗುಂಬೆಯನ್ನೇ ಮಾಲ್ಗುಡಿ ಮಾಡಿ ಚಿತ್ರಿಸಿದ ಸರಣಿ. ಎಲ್. ವೈದ್ಯನಾಥನ್ ಸಂಗೀತದ ಆ ಗುನುಗು ಶುರುವಾದರೆ ಮಕ್ಕಳು ಗೋಲಿ ಬಿಟ್ಟು ಒಳಗೆ ಓಡಿ ಬರುತ್ತಿದ್ದರು. ಆರಂಭದಲ್ಲಿ ತಾರೆಗಳ ಮುಖದ ಮೆರವಣಿಗೆಯಿಲ್ಲ. ಆರ್.ಕೆ. ಲಕ್ಷ್ಮಣ್ ಅವರ ರೇಖೆಗಳಿವೆ. ಅಣ್ಣ ಆರ್.ಕೆ. ನಾರಾಯಣ್ ಬರೆದ ಊರನ್ನು ತಮ್ಮ ಗೆರೆಯಲ್ಲಿ ಕಟ್ಟಿಕೊಟ್ಟಿದ್ದಾರೆ. ಆ ಗೆರೆಯ ಊರಿನಿಂದ ನಾವು ನೇರವಾಗಿ ಮಲೆನಾಡಿನ ಹೆಂಚಿನ ಮನೆಯೊಳಗೆ ಕಾಲಿಡುತ್ತಿದ್ದೆವು. ಗಿರೀಶ ಕಾರ್ನಾಡ್, ಅನಂತ್ ನಾಗ್, ವಿಷ್ಣುವರ್ಧನ್ ಅವರಂಥ ದೊಡ್ಡ ಹೆಸರುಗಳು ಕೈಯಲ್ಲಿದ್ದವು. ಆದರೂ ಊರನ್ನೇ ಮುಂದಿಟ್ಟು ನಟರನ್ನು ಊರಿನವರಾಗಿ ಮಾಡಿದ ಶಂಕರ್ ನಾಗ್ ನಿರ್ಧಾರ ಆ ಕಥೆಗಳಿಗೆ ಸರಿಯಾಗಿತ್ತು. ಹೆಸರು ಮುಂದಿರಬೇಕು ಎಂದು ವಾದಿಸುವ ನಾನೂ ಇಲ್ಲಿ ಸೋಲೊಪ್ಪುತ್ತೇನೆ.

ಆದರೆ ಆ ಸರಣಿಗೆ ದುಡಿದವರ ಪಟ್ಟಿಯನ್ನು ಈಗ ಓದಿದರೆ ಗಂಟಲು ಕಟ್ಟುತ್ತದೆ. ಶಂಕರ್ ನಾಗ್ 1990ರಲ್ಲಿ ಹೋದರು. ವೈದ್ಯನಾಥನ್ 2007ರಲ್ಲಿ, ವಿಷ್ಣುವರ್ಧನ್ 2009ರಲ್ಲಿ, ಕಥೆಯ ಹುಡುಗ ಸ್ವಾಮಿಯ ಅಮ್ಮನಾಗಿದ್ದ ವೈಶಾಲಿ ಕಾಸರವಳ್ಳಿ 2010ರಲ್ಲಿ, ಲಕ್ಷ್ಮಣ್ 2015ರಲ್ಲಿ, ಅಪ್ಪನಾಗಿದ್ದ ಕಾರ್ನಾಡರು 2019ರಲ್ಲಿ. ಪರದೆಯ ಮೇಲಿನ ಹೆಸರು ಅವರಿಗೆ ಇಂದೂ ವಾರಗಟ್ಟಲೆ, ವರ್ಷಗಟ್ಟಲೆ ಉಳಿದಿರುವ ಮನೆ.

ಈ ಮನೆಗೆ ಈಗ ಬೀಗ ಬೀಳುತ್ತಿದೆ. 2017ರಲ್ಲಿ ನೆಟ್‌ಫ್ಲಿಕ್ಸ್ ಆರಂಭವನ್ನು ದಾಟಿಸುವ ಗುಂಡಿಯನ್ನು ತಂದಿತು. ಒಂದು ಒತ್ತು, ಹೆಸರುಗಳೆಲ್ಲ ಮಾಯ. ಕೊನೆಯ ಪಟ್ಟಿಯೂ ಮೂಲೆಯಲ್ಲಿ ಅಂಗೈಯಗಲ ಕುಗ್ಗಿ, ಮುಂದಿನ ಕಂತು ಶುರುವಾಗಿಬಿಡುತ್ತದೆ. ಒಂದೇ ರಾತ್ರಿ ಆರು ಕಂತು ನೋಡುವವರಿಗೆ ಅದೇ ನಿಮಿಷವನ್ನು ಆರು ಸಲ ನೋಡುವುದು ಬೇಸರವೇ ಇರಬಹುದು. ಹಾಗಿದ್ದರೆ ಆರರಲ್ಲಿ ಒಂದು ಸಲವಾದರೂ ನೋಡಬಹುದಲ್ಲ.

ಅದಕ್ಕೇ ಓದುಗರಲ್ಲಿ ಒಂದು ಕೋರಿಕೆ. ಈ ವಾರ ಮನೆಯಲ್ಲಿ ಹಳೆಯದೊಂದು ಧಾರಾವಾಹಿ ಹಾಕಿ, ಅದು ಯಾವ ಭಾಷೆಯದಾದರೂ ಸರಿ. ಸಂಗೀತ ಶುರುವಾದಾಗ ರಿಮೋಟನ್ನು ಕೆಳಗಿಡಿ. ಅಕ್ಷರ ಕಲಿಯುತ್ತಿರುವ ಮಗು ಮನೆಯಲ್ಲಿದ್ದರೆ ಪಕ್ಕದಲ್ಲಿ ಕೂರಿಸಿಕೊಂಡು, ಬೀಳುವ ಹೆಸರುಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಿಸಿ.